ಹುಳು ಮನೆಯ ಫೋನು ಸುಮ್ಮನಾದಾಗ

ಎರಡು ವರ್ಷದ ಹಿಂದಿನ ಏಪ್ರಿಲ್. ಶಿಡ್ಲಘಟ್ಟದಲ್ಲಿ ನನ್ನದೇ ಪುಟ್ಟ ವರ್ಕ್‌ಶಾಪ್ ಇತ್ತು. ಹದಿನೆಂಟು ವರ್ಷ, ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಯಂತ್ರಗಳ ಬೋರ್ಡ್ ರಿಪೇರಿ ಮಾಡಿದ ಮೇಲೆ, ರೇಷ್ಮೆ ಹುಳು ಸಾಕುವವರಿಗಾಗಿ ಒಂದು ಉಪಕರಣ ಮಾಡಿದ್ದೆ: ಹುಳು ಮನೆಯ ಬಿಸಿ ಅಳೆಯುವ, ಬ್ಯಾಟರಿಯಲ್ಲಿ ನಡೆಯುವ ಸೆನ್ಸರ್ ಡಬ್ಬಿ, ಜೊತೆಗೆ ಗೋಡೆಗೆ ತೂಗುಹಾಕಿದ ಹಳೇ ಸ್ಮಾರ್ಟ್‌ಫೋನ್. ಡಬ್ಬಿ ಎರಡು ನಿಮಿಷಕ್ಕೊಮ್ಮೆ ಬ್ಲೂಟೂತ್‌ನಲ್ಲಿ ಅಳತೆ ಕಳಿಸುತ್ತದೆ. 28 ಡಿಗ್ರಿ ದಾಟಿದರೆ ಫೋನ್ ಸೈರನ್ ಕೂಗುತ್ತದೆ.

ಅದಕ್ಕೆ ನಾನು ಬರೆದದ್ದು ಒಂದು ಬ್ಯಾಕ್‌ಗ್ರೌಂಡ್ ಸರ್ವಿಸ್, ಅಂದರೆ ಪರದೆ ಆರಿದ್ದರೂ ಹಿಂದೆ ನಿಂತು ದುಡಿಯುವ ಪ್ರೋಗ್ರಾಂ. ಮೊಬೈಲಿನ ಆಪರೇಟಿಂಗ್ ಸಿಸ್ಟಂಗೆ ಇಂಥವನ್ನು ಕಂಡರಾಗದು. ಬ್ಯಾಟರಿ ಉಳಿಸುವ ನೆಪದಲ್ಲಿ ಹಿಡಿದು ನಿಲ್ಲಿಸಿಬಿಡುತ್ತದೆ. ಬ್ಯಾಟರಿ ನಿರ್ಬಂಧದಿಂದ ವಿನಾಯಿತಿ, ಸುಲಭಕ್ಕೆ ಅಳಿಸಲಾಗದ ನೋಟಿಫಿಕೇಶನ್, ಎಲ್ಲ ಹಾಕಿ ನಾನು ಅದನ್ನೂ ಗೆದ್ದಿದ್ದೆ. ನನ್ನ ಮೇಜಿನ ಮೇಲೆ ಇಪ್ಪತ್ತು ದಿನ ನಿಲ್ಲದೆ ಓಡಿತ್ತು. ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ.

ಮೊದಲು ಹಾಕಿದ್ದು ಮೇಲೂರಿನ ಲಕ್ಷ್ಮಿದೇವಮ್ಮನವರ ಹುಳು ಮನೆಯಲ್ಲಿ. ಇನ್ನೂರು ಮೊಟ್ಟೆಯ ಬೆಳೆ, ಅಂದರೆ ಇನ್ನೂರು ಚಿಟ್ಟೆಗಳು ಇಟ್ಟಷ್ಟು ಮೊಟ್ಟೆಗಳ ಹುಳು. ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆಯಿಂದ ಎದ್ದು, ಗಬಗಬ ಸೊಪ್ಪು ಮೇಯುತ್ತಿತ್ತು. ಆ ಒಂದು ವಾರ ಬಿಸಿ ಹೆಚ್ಚಾದರೆ ಹುಳು ಗೂಡು ಕಟ್ಟುವುದಿಲ್ಲ, ಅಲ್ಲಿವರೆಗಿನ ಶ್ರಮವೆಲ್ಲ ತಿಪ್ಪೆಗೆ. ಎರಡನೇ ದಿನ ಮಧ್ಯಾಹ್ನವೇ ಅವರ ಕರೆ ಬಂತು.

“ಶಾಹಿದಮ್ಮಾ, ನಿನ್ ಮಿಷಿನ್ನು ಕೂಗ್ಲೇ ಇಲ್ಲ ಕಣಮ್ಮ. ಒಳಗೋದ್ರೆ ಒಲೆ ಇದ್ದಂಗಿತ್ತು. ನಾಳೆನೂ ಹಿಂಗೇ ಆದ್ರೆ ಕಿತ್ತಾಕ್ತೀನಿ.”

ನಿಮ್ಮ ಫೋನೇ ಸರಿಯಿಲ್ಲ ಎಂದುಬಿಟ್ಟೆ. ಆಮೇಲೆ ನಾಚಿಕೆಯಾಗಿ, ಮರುದಿನ ಬೆಳಗ್ಗೆ ಆರಕ್ಕೇ ಸ್ಕೂಟರ್ ಹತ್ತಿದೆ. ಪ್ರೋಗ್ರಾಂ ತಾನೇ ಬರೆದಿಡುವ ದಾಖಲೆಯಲ್ಲಿ ಹಿಂದಿನ ದಿನದ ಕೊನೆಯ ಅಳತೆ ಬೆಳಗ್ಗೆ ಏಳರದ್ದು. ಸರ್ವಿಸನ್ನು ಮತ್ತೆ ಶುರುಮಾಡಿ, ಏಳು ಗಂಟೆಗೆ ಏನಾಗುತ್ತದೆ ನೋಡೋಣ ಎಂದು ಬಾಗಿಲ ಬಳಿ ನಿಂತೆ.

ಲಕ್ಷ್ಮಿದೇವಮ್ಮ ಬಂದರು. ಔಷಧಿ ನೀರಿನಲ್ಲಿ ಕಾಲಿಟ್ಟರು, ಕೈ ತೊಳೆದರು, ಹಿಕ್ಕೆ, ಉಳಿದ ಸೊಪ್ಪು ತೆಗೆದು ಹುಳು ಮೇಯುವ ಹಾಸಿಗೆ ಶುಚಿ ಮಾಡಿದರು. ಮತ್ತೆ ಕೈ ತೊಳೆದು ಫೋನ್ ಎತ್ತಿಕೊಂಡು, ತೆರೆದಿದ್ದ ಆ್ಯಪ್‌ಗಳನ್ನೆಲ್ಲ ಒಂದೊಂದಾಗಿ ಬೆರಳಿಂದ ಪರದೆಯಾಚೆ ತಳ್ಳಿ ಮುಚ್ಚಿದರು.

“ಏನ್ ಮಾಡ್ತಿದೀರಾ ಲಕ್ಷ್ಮಿದೇವಮ್ನೋರೇ?”

“ಕ್ಲೀನು. ಹುಳು ಮನೇಲಿರೋದು ಏನೇ ಆಗ್ಲಿ ಚೊಕ್ಕಟವಾಗಿರ್ಬೇಕಲ್ವಾ? ಇಗೋ, ಇದೊಂದು ಮಾತ್ರ ಹೋಗಲ್ಲ. ಒತ್ತಿ ಹಿಡಿದು ‘ನಿಲ್ಲಿಸು’ ಅನ್ಬೇಕು.”

ಆ ಹೋಗದ ಒಂದು ನನ್ನದೇ ನೋಟಿಫಿಕೇಶನ್. ‘ಸರ್ವಿಸ್ ಚಾಲನೆಯಲ್ಲಿದೆ’ ಎಂದಷ್ಟೇ ಬರೆದಿದ್ದೆ. ಅದರಿಂದ ಅವರಿಗೇನು ತಿಳಿಯಬೇಕು? ಅವರ ಪಾಲಿಗೆ ಅದು ಹಾಸಿಗೆಯಲ್ಲಿ ಉಳಿದ ಹಿಕ್ಕೆ.

ಅಲ್ಲೇ ಜಗಲಿಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ. ನೋಟಿಫಿಕೇಶನ್ನಿನಲ್ಲಿ ‘ಹುಳು ಮನೆ 25 ಡಿಗ್ರಿ’ ಎಂದೂ, ಅಳತೆ ಬಂದ ಸಮಯವೂ ಕಾಣುವಂತೆ ಮಾಡಿದೆ. ತಳ್ಳುವ ಪಟ್ಟಿಯಿಂದ ನನ್ನ ಆ್ಯಪ್‌ ಹೆಸರು ತೆಗೆದೆ. ನನ್ನ ಸೊಕ್ಕು ಅಷ್ಟರಲ್ಲಿ ಇಳಿದಿದ್ದರಿಂದ ಇನ್ನೂ ಒಂದು ಕೆಲಸ ಮಾಡಿದೆ: ಫೋನಿನಿಂದ ಐದು ನಿಮಿಷ ಉತ್ತರ ಬಾರದಿದ್ದರೆ ಡಬ್ಬಿಯೇ ಬೀಪ್ ಹೊಡೆಯಬೇಕು.

ಲಕ್ಷ್ಮಿದೇವಮ್ಮ ಪರದೆ ನೋಡಿದರು. “ಡಿಗ್ರಿ ಮೊದ್ಲೇ ತೋರ್ಸಿದ್ರೆ ನಾನ್ಯಾಕಮ್ಮ ಅಳಿಸ್ತಿದ್ದೆ?” ಎಂದರು.

ಮೂರು ದಿನ ಎಲ್ಲ ಸರಿಯಿತ್ತು. ನಾಲ್ಕನೇ ದಿನ ಮಧ್ಯಾಹ್ನ ಫೋನ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಯಿತು. ಲಾಕ್ ತೆಗೆಯುವವರೆಗೆ ನನ್ನ ಸರ್ವಿಸ್ ಏಳುವುದಿಲ್ಲ; ಅದು ನನಗೆ ಹೊಳೆದೇ ಇರಲಿಲ್ಲ. ಅದೇ ಹೊತ್ತಿಗೆ ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಊಟಕ್ಕೆ ಕೂತಿದ್ದ ಲಕ್ಷ್ಮಿದೇವಮ್ಮ ಬೀಪ್ ಕೇಳಿ ಓಡಿದರು. ಲಾಕ್ ತೆಗೆದರೆ 30 ಡಿಗ್ರಿ. ಕಿಟಕಿ ತೆರೆದು ಒದ್ದೆ ಗೋಣಿತಾಟು ಇಳಿಬಿಟ್ಟರು. ಮುಕ್ಕಾಲು ಗಂಟೆಯಲ್ಲಿ 27ಕ್ಕೆ ಬಂತು.

ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ತಟ್ಟೆ ಏರಿದ ದಿನ ಅವರೇ ಕರೆ ಮಾಡಿದರು. “ಫೋನು ಸತ್ತೋಗಿತ್ತು ಕಣಮ್ಮ. ಆದ್ರೂ ನಿನ್ ಡಬ್ಬಿ ನನ್ನ ಕರೀತು. ಬೆಳೆ ಉಳೀತು.”

ಈಗ ನನ್ನ ಉಪಕರಣ ಕೆಂಚಾರ್ಲಹಳ್ಳಿಯವರೆಗೂ ಹೋಗಿದೆ. ಆದರೂ ನನಗೆ ಎಲ್ಲಕ್ಕಿಂತ ಹೆಮ್ಮೆ ನನ್ನ ಪ್ರೋಗ್ರಾಂ ಓಡದೇ ಹೋದ ಆ ಮಧ್ಯಾಹ್ನದ್ದು. ಅಂದಿನಿಂದ, ಕಣ್ಣಿಗೆ ಕಾಣದೆ ದುಡಿಯುವ ಏನನ್ನೇ ಮಾಡಲು ಕೂತರೂ, ಅದು ನಿಂತಾಗ ಯಾರನ್ನು ಹೇಗೆ ಕರೆಯಬೇಕು ಎಂಬುದನ್ನು ಮೊದಲು ಬರೆಯುತ್ತೇನೆ. ಓಡುವ ಭಾಗ ಆಮೇಲೆ.