ನಾನು ಹೋಗದ ಎರಡನೇ ಭೇಟಿ

ರತ್ನಕ್ಕ, ನಿಮ್ಮ ಹೆಸರಿನ ಫಾರಂನಲ್ಲಿ ‘ಯಾವ ತೊಂದರೆಯೂ ಇಲ್ಲ’ ಎಂದು ಬರೆದವಳು ನಾನು. ನಿಮ್ಮನ್ನು ನೋಡದೆ, ಕೇಳದೆ ಬರೆದೆ. ಕುಣಿಗಲ್ ಬಸ್ಸಿನಲ್ಲಿ ಕೂತು, ಐದೇ ನಿಮಿಷದಲ್ಲಿ.

ಆಗ ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಫ್ಲೂ ಜ್ವರ ಬಂದುಹೋದವರ ಮನೆಗೆ ಎರಡು ಸಲ ಹೋಗಿ — ನಡೆಯಲು ಆಗುತ್ತದೆಯೇ, ಕೆಲಸ ಸಾಗುತ್ತದೆಯೇ, ನೋವಿದೆಯೇ, ಮನಸ್ಸು ಹೇಗಿದೆ — ಎಂದು ಕೇಳಿ ಬರೆದುಕೊಂಡು ಬರುವುದು ನನ್ನ ಕೆಲಸ. ಮೊದಲ ಸಲ ಉಪ್ಪಾರಹಳ್ಳಿಯ ನಿಮ್ಮ ಮನೆಗೆ ಬಂದಿದ್ದೆನಲ್ಲ. ಗೋಡೆಗೆ ಒರಗಿ ಕೂತಿದ್ದಿರಿ. ಹಿರೇಹಳ್ಳಿಯ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ದಿನವೂ ಇನ್ನೂರು ಜನಕ್ಕೆ ಮುದ್ದೆ ತಿರುವುತ್ತಿದ್ದವರು ನೀವು — ನೀರಿನ ಚೊಂಬು ಎತ್ತಲು ಎರಡೂ ಕೈ ಹಾಕಿದಿರಿ.

“ಜ್ವರ ಬಿಟ್ಟು ವಾರ ಆಯ್ತು ಕಣವ್ವ. ತಲೆ ಬಾಚ್ಕೊಂಡ್ರೂ ಸುಸ್ತಾಯ್ತದೆ. ಯಾರಾದ್ರೂ ಮಾತಾಡ್ಸಿದ್ರೆ ಸುಮ್‌ಸುಮ್ನೆ ಅಳು ಬತ್ತದೆ. ಮನೇಲಿ ನಾಟ್ಕ ಅಂತಾರೆ,” ಎಂದಿರಿ. ಅಷ್ಟನ್ನೂ ಬರೆದುಕೊಂಡೆ.

ಮೂರು ವಾರದ ನಂತರ ಮತ್ತೆ ಬರಬೇಕಿತ್ತು. ಬಿಸಿಲು ಜೋರಾಗಿತ್ತು, ಆಟೋ ಸಿಗಲಿಲ್ಲ — ಇಲ್ಲ, ಅದೆಲ್ಲ ಸುಳ್ಳು. ಫ್ಲೂ ತಾನೆ, ಇಷ್ಟು ಹೊತ್ತಿಗೆ ಎದ್ದು ಓಡಾಡುತ್ತಿರುತ್ತಾರೆ ಅಂದುಕೊಂಡೆ. ಬೇಗ ಊರು ಸೇರುವ ಆಸೆ, ಅಷ್ಟೆ.

ಮುಂದಿನ ವಾರ ನೀವು ಆಸ್ಪತ್ರೆಗೆ ಬಂದಿರಿ. ಒಂದು ತಿಂಗಳ ಮಟ್ಟಿಗೆ ಮುದ್ದೆ ಕೆಲಸ ಬಿಡಿಸಿ ತರಕಾರಿ ಹೆಚ್ಚುವ ಕೆಲಸ ಕೊಡಲಿ, ಕ್ಯಾಂಟೀನಿನವರಿಗೆ ಒಂದು ಚೀಟಿ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿದಿರಿ. ನಿಮ್ಮನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಅವರು ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ನಾನು ತುಂಬಿದ ಫಾರಂ ಇತ್ತು.

“ಇದ್ರಲ್ಲಿ ಎಲ್ಲ ಸರಿ ಇದೆ ಅಂತಿದೆಯಲ್ಲಮ್ಮ. ನೀನೇ ಹೋಗಿ ನೋಡ್ದೆ ತಾನೆ?”

“ಹೌದು ಸರ್.”

ಅಲ್ಲೇ ‘ಇಲ್ಲ’ ಅನ್ನಬಹುದಿತ್ತು. ಬೈಗುಳ ಬೀಳುತ್ತಿತ್ತು, ಕೆಲಸವೂ ಹೋಗುತ್ತಿತ್ತೇನೋ... ಹೋಗಬೇಕಿತ್ತು.

ಚೀಟಿ ಸಿಗಲಿಲ್ಲ. ನೀವು ಮತ್ತೆ ಮುದ್ದೆ ಕೋಲು ಹಿಡಿದಿರಿ. ನಾಲ್ಕನೇ ದಿನ ತಲೆ ಸುತ್ತಿ ಬಿದ್ದಿರಿ. ಕುದಿಯುವ ಹಿಟ್ಟಿನ ಪಾತ್ರೆ ಉರುಳಿ ಬಲಗೈ ಮೊಣಕೈವರೆಗೂ ಬೆಂದಿತು. ಗಾಯ ಮಾಗಿತು, ಬೆರಳುಗಳನ್ನು ಮಾತ್ರ ಮತ್ತೆ ಮಡಚಲು ಆಗಲಿಲ್ಲ. ಕೆಲಸದಿಂದ ಬಿಡಿಸಿದರು.

ವಿಷಯ ತಿಳಿದು ನಿಮ್ಮನ್ನು ನೋಡಲು ಬಂದೆ. ಫಾರಂ ವಿಷಯ ನಿಮಗೆ ಗೊತ್ತಾಗಿರಬಹುದು, ಬೈಯುತ್ತೀರಿ ಅಂದುಕೊಂಡೇ ಬಂದೆ. ನಿಮಗೇನೂ ಗೊತ್ತಿರಲಿಲ್ಲ.

“ಡಾಕ್ಟ್ರೇ ಆರಾಮಾಗಿದೀಯ ಅಂದ್ರು. ನಾನೇ ಸೋಂಬೇರಿ ಆಗ್ಬುಟ್ಟಿದ್ನೇನೋ ಕಣವ್ವ,” ಎಂದಿರಿ.

ನಿಮ್ಮ ಸೊಸೆ ಕೊಟ್ಟ ಕಾಫಿ ಕುಡಿದೆ. ಬಾಯಿ ಬಿಡಲಿಲ್ಲ.

ನಾಲ್ಕು ವರ್ಷವಾಯಿತು. ಸೊಸೆ ಇವತ್ತಿಗೂ ನಿಮ್ಮನ್ನು ಮೈಗಳ್ಳಿ ಅನ್ನುತ್ತಾಳಂತೆ — ನಿಮ್ಮ ಪಕ್ಕದ ಮನೆಯವರು ಹೇಳಿದರು. ನೀವು ಎದುರಾಡುವುದೇ ಇಲ್ಲವಂತೆ. ನಿಮ್ಮ ಮೈ ಹೇಳಿದ್ದು ನಿಜವೇ ಆಗಿತ್ತು ರತ್ನಕ್ಕ. ಅದನ್ನು ನೀವೇ ನಂಬದ ಹಾಗೆ ಮಾಡಿದವಳು ನಾನು.

ಈ ಭಾನುವಾರ ಬರುತ್ತೇನೆ. ನಿಮ್ಮ ಸೊಸೆಯ ಎದುರಿಗೇ ಎಲ್ಲ ಹೇಳುತ್ತೇನೆ. ಕ್ಷಮೆ ಮಾತ್ರ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.