ಬಿಸಿಲಿಗೆ ಬಾಯಿ ಮುಚ್ಚಿದ ರೇಡಿಯೋಗಳು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನೊಂದು ರೇಡಿಯೋ ಕಂಪನಿಯ ಪ್ರತಿನಿಧಿಯಾಗಿದ್ದೆ. ಚಿತ್ರದುರ್ಗದಲ್ಲಿ ಒಂದು ಬಾಡಿಗೆ ಕೋಣೆ, ಅಲ್ಲಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ತಿರುಗಾಟ. ಹಳ್ಳಿಗಳಲ್ಲಿ ಹಾಡು ಕೇಳಿಸಿ ಗಿರಾಕಿ ಹಿಡಿಯುವುದೂ ನಾನೇ, ಕೆಟ್ಟ ಸೆಟ್ಟು ಬಿಚ್ಚಿ ಸರಿಮಾಡುವುದೂ ನಾನೇ. ಅಲ್ಲಿಯವರೆಗೆ ನಮ್ಮ ಕಂಪನಿ ಮಾಡುತ್ತಿದ್ದುದು ಮರದ ಪೆಟ್ಟಿಗೆಯ ದೊಡ್ಡ ರೇಡಿಯೋ. ಕರೆಂಟಿದ್ದ ಮನೆಯಲ್ಲಿ, ಗೋಡೆಯ ಹಲಗೆಯ ಮೇಲೆ, ಕಸೂತಿ ಬಟ್ಟೆ ಹೊದ್ದು ಕೂರುವಂಥದ್ದು. ಬೇರೆ ಕಂಪನಿಗಳ ಟ್ರಾನ್ಸಿಸ್ಟರು ಸಂತೆಗಳಲ್ಲಿ ಕಾಣಿಸಿಕೊಂಡ ಮೇಲೆ ನಮ್ಮವರಿಗೆ ದಿಗಿಲು ಹತ್ತಿತು. ಮರದ ಪೆಟ್ಟಿಗೆ ನಿಲ್ಲಿಸಿ, ಹೆಗಲಿಗೆ ನೇತುಹಾಕಿಕೊಳ್ಳುವ ಪ್ಲಾಸ್ಟಿಕ್ ಸೆಟ್ಟನ್ನು ಅವಸರದಲ್ಲಿ ಹೊರತಂದರು.

ಹೊಸ ಮಾಲು ಮೊದಲು ಬಂದದ್ದು ಹಿರಿಯೂರಿಗೆ. ಅಂಗಡಿಯವರು ಒಂದು ಸೆಟ್ಟನ್ನು ಗಾಜಿನ ಶೋಕೇಸಿನಲ್ಲಿಟ್ಟು ಹಾಡಲು ಬಿಟ್ಟರು. ಮಧ್ಯಾಹ್ನದ ಬಿಸಿಲು ನೇರ ಬೀಳುವ ಜಾಗ ಅದು. ಸ್ವಲ್ಪ ಹೊತ್ತಿಗೆಲ್ಲ ಹಾಡು ಜಾರಿಹೋಗಿ ಬರೀ ಗೊರಗೊರ ಉಳಿಯಿತು. ಬಿಚ್ಚಿ ನೋಡಿದೆ. ಸ್ಟೇಷನ್ ಹಿಡಿಯುವ ಭಾಗವನ್ನು ನಾವು ಗ್ಯಾಂಗ್ ಅನ್ನುತ್ತಿದ್ದೆವು. ಹಳೆಯ ಸೆಟ್ಟಿನಲ್ಲಿ ಅದು ಗಟ್ಟಿ ತಗಡಿನದು, ಇದರಲ್ಲಿ ಪ್ಲಾಸ್ಟಿಕ್ಕಿನದು. ಕಾದು ಸೊಟ್ಟಗಾಗಿತ್ತು. ಅಂಗಡಿಯವರಿಗೆ ಸೆಲ್ಲು ಹಳೇದು ಅಂದೆ. ಇನ್ನೊಂದು ಸೆಟ್ಟು ತೆಗೆದು ಒಳಗಿನ ನೆರಳಲ್ಲಿ ಇಡಿಸಿದೆ. ಕಂಪನಿಗೆ ಒಂದು ಸಾಲೂ ಬರೆಯಲಿಲ್ಲ. ಹೊಸ ಮಾಲಿಗೆ ಮೊದಲ ವಾರವೇ ಹುಳುಕು ಹುಡುಕಿದವನು ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಅದೇ ತಿಂಗಳು ಹೊಸದುರ್ಗದ ಹತ್ತಿರದ ಬಾಗೂರಿಗೆ ಹೋದೆ. ಅಲ್ಲಿ ಕುರಿ ಸಾಕುವ ಮನೆಗಳು ಬಹಳ. ಅವರಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸಿದ್ದಳು. ಗಂಡನ ಸೊಂಟ ಬಿದ್ದುಹೋದ ಮೇಲೆ ಮಂದೆಯನ್ನು ತಾನೇ ಮೇಯಿಸುತ್ತಿದ್ದಳು. ಅವಳ ಮಾತನ್ನು ಕೇರಿಯ ಗಂಡಸರೂ ತೆಗೆದುಹಾಕುತ್ತಿರಲಿಲ್ಲ. ಅಡವಿಯಲ್ಲಿ ದಿನವಿಡೀ ಒಬ್ಬಳೇ ಇರುವವಳಿಗೆ ಮನುಷ್ಯರ ದನಿಯೊಂದು ಜೊತೆಗಿರುತ್ತದೆ ಎಂದು ನಾನು ಹೇಳಿದ್ದು ಅವಳ ಮನಸ್ಸಿಗೆ ತಾಗಿತು. ಬಿಸಿಲು, ಧೂಳು ತಡೆಯುತ್ತದೆಯೇ ಎಂದು ನೇರವಾಗಿ ಕೇಳಿದಳು. ತಡೆಯುತ್ತದೆ ಅಂದೆ. ಆ ಸಲದ ಉಣ್ಣೆ ಮಾರಿ ಸೆಟ್ಟು ಕೊಂಡಳು. ಅವಳನ್ನು ನೋಡಿ ಮತ್ತೆ ಐದಾರು ಮನೆಯವರು ಕೊಂಡರು.

ಬೇಸಿಗೆ ಬಂತು. ಮೊದಲು ಹೊಸದುರ್ಗದ ಅಂಗಡಿಯಿಂದ ದೂರು, ಆಮೇಲೆ ರಾಮಗಿರಿಯಿಂದ, ಆಮೇಲೆ ಎಲ್ಲ ಕಡೆಯಿಂದ. ಈಗ ಕಂಪನಿಗೆ ಬರೆಯದೆ ವಿಧಿಯಿರಲಿಲ್ಲ. ಉತ್ತರ ಬಂತು, ಚಂದದ ಟೈಪಿನಲ್ಲಿ. ಯಂತ್ರವನ್ನು ಬಿಸಿಲಿನಲ್ಲಿ ಬಳಸಿದ್ದು ಗಿರಾಕಿಯ ಅಜಾಗರೂಕತೆ, ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದು. ಅದನ್ನು ಹೋಗಿ ಓದಿ ಹೇಳುವ ಕೆಲಸವೂ ನನ್ನದೇ ಆಯಿತು.

ಬಾಗೂರಿನ ಕಟ್ಟೆಯ ಮೇಲೆ ಕೂತು ಕಾಗದ ಓದಿದೆ. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಆ ಹೆಂಗಸು ಕಾಗದ ಇಸಿದುಕೊಂಡು, ಓದು ಬಾರದಿದ್ದರೂ, ಮೇಲಿಂದ ಕೆಳಗೆ ಒಮ್ಮೆ ನೋಡಿ ವಾಪಸು ಕೊಟ್ಟಳು.

“ಕುರಿ ನೆಳ್ಳಾಗೆ ಮೇಯ್ತಾವೇನಪ್ಪ?” ಅಂದಳು.

ಒಬ್ಬಾತ ನನ್ನ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಕುರಿದೊಡ್ಡಿಯೊಳಗೆ ನಿಲ್ಲಿಸಿ ಬಾಗಿಲು ಹಾಕಿದ. ಅವಳು ಕಟ್ಟೆಯ ನೆರಳಿಂದ ನನ್ನನ್ನು ಎಬ್ಬಿಸಿ ಬಯಲಿನಲ್ಲಿದ್ದ ಒಂದು ಬಂಡೆ ತೋರಿಸಿದಳು. ಚೀಲದಲ್ಲಿದ್ದ ಹೊಸ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಿ ಕೂರಬೇಕು, ಅದು ಹಾಡುವಷ್ಟು ಹೊತ್ತೂ ಕೂರಬೇಕು ಅಂದಳು. ಕೂತೆ. ಬಂಡೆ ಕೆಂಡವಾಗಿತ್ತು. ಜನ ಎದುರಿನ ಜಗಲಿಯಲ್ಲಿ ಕೂತು ಸುಮ್ಮನೆ ನೋಡುತ್ತಿದ್ದರು. ಒಬ್ಬರೂ ನಗಲಿಲ್ಲ, ಒಬ್ಬರೂ ನೀರು ತರಲಿಲ್ಲ. ಹೊತ್ತು ನೆತ್ತಿಗೆ ಬರುವ ಮೊದಲೇ ಹಾಡು ಜಾರತೊಡಗಿತು. ನಾನು ತಿರುಪು ತಿರುಗಿಸುತ್ತಲೇ ಇದ್ದೆ, ಅದು ಗೊರಗುಟ್ಟುತ್ತಲೇ ಇತ್ತು. ಅವಳು ಎದ್ದು ಬಂದು ಸೆಟ್ಟಿನ ಬಾಯಿ ಮುಚ್ಚಿಸಿ, ಸೈಕಲ್ಲು ಬಿಡಿಸಿದಳು. ಪೋಸ್ಟಾಫೀಸಿನವರು ಮೂಗ ರೇಡಿಯೋಗೂ ವರ್ಷವರ್ಷ ಲೈಸೆನ್ಸಿನ ದುಡ್ಡು ಕೇಳುತ್ತಾರೆ ಎಂದಷ್ಟೇ ಹೇಳಿದಳು.

ನಡೆದದ್ದನ್ನೆಲ್ಲ, ಬಂಡೆಯನ್ನೂ ಸೇರಿಸಿ, ಕಂಪನಿಗೆ ಬರೆದೆ. ಹಿರಿಯೂರಿನ ಶೋಕೇಸನ್ನು ಮಾತ್ರ ಬಿಟ್ಟೆ. ಅಷ್ಟರಲ್ಲಿ ನಮ್ಮ ಮಾಲು ಎಲ್ಲ ಊರಿನ ಅಂಗಡಿಗಳಲ್ಲಿ ಧೂಳು ತಿನ್ನುತ್ತಿತ್ತು. ಹೊಳಲ್ಕೆರೆಯ ಅಂಗಡಿಯವರು ನಮ್ಮ ಬೋರ್ಡನ್ನು ಇಳಿಸಿ ಬಚ್ಚಲಿಗೆ ಮರೆ ಕಟ್ಟಿಕೊಂಡಿದ್ದರು. ಕೊನೆಗೆ ಬೆಂಗಳೂರಿನಿಂದ ಹೊಸ ಮ್ಯಾನೇಜರು ಜೀಪಿನಲ್ಲಿ ಬಂದರು. ಹಂಚಲು ಕ್ಯಾಲೆಂಡರು ತಂದಿದ್ದರು. ಕ್ಯಾಲೆಂಡರು ಜೀಪಿನಲ್ಲೇ ಇರಲಿ ಸಾರ್, ಅಂದೆ. ಅವರಿಗೆ ಸಿಟ್ಟು ಬಂದರೂ ನನ್ನ ಮಾತು ಕೇಳಿದರು.

ಬಾಗೂರಿನಲ್ಲಿ ಅವರು ಕಂಪನಿಯ ಹಿರಿಮೆಯಿಂದ ಮಾತು ಶುರುಮಾಡಿದರು. ಆ ಹೆಂಗಸು ಅರ್ಧಕ್ಕೇ ತಡೆದಳು.

“ನಿಮ್ ದೊಡ್ಡಸ್ತಿಕೆ ಆಮ್ಯಾಲೆ ಹೇಳ್ರಿ. ತಪ್ಪು ಯಾರ್ದು, ಅದನ್ನ ಮೊದ್ಲು ಹೇಳ್ರಿ.”

ಮ್ಯಾನೇಜರು ಹಿರಿಮೆಯ ಮಾತು ಅಲ್ಲಿಗೇ ಬಿಟ್ಟರು. ಆಮೇಲೆ ತಪ್ಪು ಕಂಪನಿಯದು, ಆ ಕಾಗದ ಬರೆದದ್ದು ಅದಕ್ಕಿಂತ ದೊಡ್ಡ ತಪ್ಪು ಅಂದರು. ಎಲ್ಲ ಸೆಟ್ಟಿಗೂ ತಗಡಿನ ಗ್ಯಾಂಗು ಹಾಕಿಸಿಕೊಡುತ್ತೇವೆ, ಗಿರಾಕಿ ಅಂಗಡಿಗೆ ಬರಬೇಕಿಲ್ಲ, ಮನೆ ಬಾಗಿಲಿಗೇ ಬರುತ್ತೇವೆ ಅಂದರು. ಅದು ನಿಜವಾಯಿತು. ಮಳೆಗಾಲದ ಹೊತ್ತಿಗೆ ಗ್ಯಾಂಗುಗಳ ಟ್ರಂಕು ನನ್ನ ಕೋಣೆಗೆ ಬಂತು.

ಊರೂರು ಸುತ್ತಿದೆ. ರಾಮಗಿರಿಯಲ್ಲಿ ಸೆಟ್ಟನ್ನು ಬಾಗಿಲ ಸಂದಿಯಿಂದ ನೀಡಿ, ರಿಪೇರಿಯಾದ ಮೇಲೆ ಸಂದಿಯಿಂದಲೇ ಎಳೆದುಕೊಂಡರು. ಬಾಗೂರಿನಲ್ಲಿ ಆ ಹೆಂಗಸಿನ ಸೆಟ್ಟನ್ನು ಅವಳ ಜಗಲಿಯ ಮೇಲೆ ಬಿಚ್ಚಿದೆ. ಹೊಸ ಗ್ಯಾಂಗು ಹಾಕಿ ತಿರುಗಿಸಿದಾಗ ದನಿ ಗಟ್ಟಿಯಾಗಿ ನಿಂತಿತು. ಅವಳ ಮುಖ ಸ್ವಲ್ಪ ಸಡಿಲವಾಯಿತು. ಒಳಗಿಂದ ಮಜ್ಜಿಗೆ ತಂದು ನನ್ನ ಮುಂದಿಟ್ಟಳು. ಪಾಪ, ಕಂಪನಿಯವರು ಮಾಡಿದ್ದಕ್ಕೆ ನಿನ್ನನ್ನು ಬಿಸಿಲಲ್ಲಿ ಕೂರಿಸಿದೆ ಅಂದಳು.

ಆ ಮಾತು ಕೇಳಿ ನನಗೆ ಮಜ್ಜಿಗೆ ಎತ್ತಲು ಆಗಲಿಲ್ಲ. ಹಿರಿಯೂರಿನದೆಲ್ಲ ಹೇಳಿಬಿಟ್ಟೆ. ನಿನಗೆ ಮಾರುವ ಮೊದಲೇ ನನಗೆ ಗೊತ್ತಿತ್ತಮ್ಮ, ಅಂದೆ.

ಅವಳು ಲೋಟ ವಾಪಸು ತೆಗೆದುಕೊಂಡಳು.

“ಅವ್ರಿಗೆ ಗೊತ್ತಿರ್ಲಿಲ್ಲ, ಬಿಸ್ಲು ಕಂಡೋರಲ್ಲ. ನಿಂಗೆ ಗೊತ್ತಿತ್ತು. ಎದ್ದೋಗು,” ಅಂದಳು.

ಎದ್ದು ಬಂದೆ. ಕಂಪನಿ ಚೇತರಿಸಿಕೊಂಡಿತು. ಮುಂದಿನ ಬೇಸಿಗೆಯಲ್ಲಿ ಹೊಸದುರ್ಗದ ಅಂಗಡಿಯಲ್ಲಿ ನಮ್ಮ ಸೆಟ್ಟಿಗೆ ಕಾದು ನಿಂತವರನ್ನು ನಾನೇ ಕಂಡೆ. ಮ್ಯಾನೇಜರು ನನಗೊಂದು ಮೆಚ್ಚುಗೆಯ ಪತ್ರವನ್ನೂ ಕಳಿಸಿದರು. ಬಾಗೂರಿನವರು ಮಾತ್ರ ನಾನಿದ್ದಾಗ ಆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅಂಗಡಿಯವರು ಇದನ್ನು ಗಮನಿಸಿ, ಸಂತೆಯ ದಿನ ಬರಬೇಡಿ ಎಂದು ನಯವಾಗಿ ಹೇಳಿದರು.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಹೊಸದುರ್ಗದಲ್ಲಿ ಹೊಳಲ್ಕೆರೆ ಬಸ್ಸು ಹತ್ತಿದೆ. ಉಳಿದಿದ್ದುದು ಒಂದೇ ಸೀಟು, ಪಕ್ಕದಲ್ಲಿ ಬಾಗೂರಿನ ಆ ಹೆಂಗಸು. ಮಡಿಲಲ್ಲಿ ನಮ್ಮ ಕಂಪನಿಯ ಸೆಟ್ಟು ಸಣ್ಣಗೆ ಹಾಡುತ್ತಿತ್ತು. ನನ್ನನ್ನು ಕಂಡು ಅವಳು ಕಾಲ ಬಳಿಯಿದ್ದ ಕಂಬಳಿಗಂಟು ಎತ್ತಿ ಆ ಸೀಟಿನ ಮೇಲಿಟ್ಟು ಕಿಟಕಿಯಾಚೆ ಮುಖ ತಿರುಗಿಸಿದಳು. ಕಂಡಕ್ಟರು ಗಂಟು ಕೆಳಗಿಡಲು ಹೇಳಹೊರಟ. ಬೇಡ ಎಂದು ಕೈಸನ್ನೆ ಮಾಡಿ, ಕಂಬಿ ಹಿಡಿದು ಹೊಳಲ್ಕೆರೆಯವರೆಗೂ ನಿಂತೇ ಹೋದೆ.