ಪವಿತ್ರಾ ಮೂರನೇ ಮಹಡಿಗೆ ಹೋದದ್ದು

ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಹುಡುಗಿಯೊಬ್ಬಳ ಅಂಗಾಲು ತಡಕಾಡಿ ಎಲ್ಲರ ಮುಂದೆ ಪೆಚ್ಚಾದೆ. ಅದು ಕ್ಯಾನ್ಸರ್ ಆಸ್ಪತ್ರೆಯ ಮಕ್ಕಳ ವಾರ್ಡು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಹದಿನಾರರ ಹುಡುಗಿ. ಅವಳ ತಾಯಿ ನನ್ನ ಕೈ ಹಿಡಿದು, "ಅಕ್ಕಾರ, ನಮ್ಮ ಹುಡುಗಿಗೆ ಭಾಳ ದೊಡ್ಡ ಜಡ್ಡು ಐತ್ರಿ" ಎಂದರು. ನಮ್ಮ ಮೈಸೂರು ಕಡೆ ಜಡ್ಡು ಎಂದರೆ ಅಂಗೈಯಲ್ಲೋ ಅಂಗಾಲಿನಲ್ಲೋ ಗಟ್ಟಿಯಾದ ಚರ್ಮ. ನಾನು ಹೊದಿಕೆ ಸರಿಸಿ ಎರಡೂ ಪಾದಗಳನ್ನು ನೋಡಿದೆ. ಏನೂ ಇರಲಿಲ್ಲ. ತಾಯಿ ಹೊದಿಕೆಯನ್ನು ಮತ್ತೆ ಎಳೆದು ಮುಚ್ಚಿ, "ಕಾಲಾಗ ಅಲ್ರಿ, ರಕ್ತದಾಗ ಐತಿ" ಎಂದರು. ಇಲ್ಲಿ ಜಡ್ಡು ಎಂದರೆ ಕಾಯಿಲೆ.

ಹುಡುಗಿ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ನಕ್ಕಳು. ಅವಳು ಪವಿತ್ರಾ. ತಾಯಿ ಶಾಂತವ್ವ.

ಕನ್ನಡ ನಾಡಿನೊಳಗೇ ಊರು ಬದಲಿಸಿದ್ದನ್ನು ವಲಸೆ ಎನ್ನುತ್ತೀಯಲ್ಲ ಎಂದು ಮೈಸೂರಿನ ಗೆಳತಿಯರು ನನ್ನನ್ನು ರೇಗಿಸುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ಮಕ್ಕಳ ವಾರ್ಡಿನ ನರ್ಸ್ ಆಗಿದ್ದೆ. ಅಲ್ಲಿ ನಾವು ವರ್ಷಗಟ್ಟಲೆ ಕ್ಯಾನ್ಸರ್ ಚಿಕಿತ್ಸೆ ಕೊಟ್ಟ ಒಬ್ಬ ಹುಡುಗನಿಗೆ ಹದಿನೆಂಟು ತುಂಬಿದಾಗ ಒಂದು ಚೀಟಿ ಬರೆದು ದೊಡ್ಡವರ ವಿಭಾಗಕ್ಕೆ ಕಳಿಸಿದೆವು. ಅವನು ಅಲ್ಲಿಗೆ ಹೋಗಲೇ ಇಲ್ಲ. ಹೋಗಿಲ್ಲವೆಂದು ನಮಗೆ ತಿಳಿದದ್ದು ಕಾಯಿಲೆ ಮರುಕಳಿಸಿ ಅವನನ್ನು ಹೊತ್ತುಕೊಂಡು ಬಂದಾಗ. ಆಗ ತಡವಾಗಿತ್ತು. ಆಮೇಲೆ, ಹುಬ್ಬಳ್ಳಿಯಲ್ಲಿ ಇಂಥ ಮಕ್ಕಳನ್ನು ಜೊತೆಗಿದ್ದು ದೊಡ್ಡವರ ವಿಭಾಗಕ್ಕೆ ದಾಟಿಸುವುದಕ್ಕೆಂದೇ ಒಬ್ಬ ನರ್ಸ್ ಬೇಕಾಗಿದ್ದಾರೆ ಎಂದು ಕೇಳಿದಾಗ ಹೊರಟುಬಂದೆ.

ಮನೆ ಸಿಕ್ಕಿದ್ದು ಧಾರವಾಡದಲ್ಲಿ, ಕೆಲಗೇರಿ ಕೆರೆಯ ಹತ್ತಿರ. ಮನೆಯೊಡತಿ ಮಿಷನ್ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮೊದಲ ವಾರ ನಾನು ಕಡಲೆಕಾಯಿ ಬೀಜ ಎಂದು ಕೇಳಿ ಕೇಳಿ ಅಂಗಡಿಯಿಂದ ಬರಿಗೈಲಿ ಬಂದಾಗ, "ಶೇಂಗಾ ಅನ್ರಿ, ಲಗೂ ಕೊಡ್ತಾನ" ಎಂದು ಹೇಳಿಕೊಟ್ಟವರು ಅವರೇ. ನಮ್ಮಲ್ಲಿ ಮುದ್ದೆ ನುಂಗಿ ಬೆಳೆದವಳಿಗೆ ಜೋಳದ ರೊಟ್ಟಿ ಅಗಿದು ಅಗಿದು ದವಡೆ ನೋಯುತ್ತಿತ್ತು. ಬಿಸಿ ರೊಟ್ಟಿಯನ್ನು ನಾನೇ ತಟ್ಟುವ ಹೊತ್ತಿಗೆ ಒಂದು ವರ್ಷವಾಯಿತು. ಅಂದು ಮನೆಯೊಡತಿ ಟೀಚರು ಒಂದು ತುಂಡು ಮುರಿದು ತಿಂದು, "ಛಲೋ ಆಗೇತಿ, ಅಂಚು ಸ್ವಲ್ಪ ದಪ್ಪಾತು" ಎಂದರು. ಅದನ್ನೇ ಬಹುಮಾನವೆಂದುಕೊಂಡೆ. ಆದರೆ ಭಾನುವಾರಗಳು ಕಷ್ಟ. ಟೀಚರು ಚರ್ಚಿಗೆ ಹೋದ ಮೇಲೆ ಇಡೀ ಮನೆಯಲ್ಲಿ ನನ್ನ ಮಾತು ಕೇಳುವವರು ಯಾರೂ ಇರುತ್ತಿರಲಿಲ್ಲ. ಸುಮ್ಮನೆ ಕೆರೆಯ ಏರಿಯ ಮೇಲೆ ಹೋಗಿ ಕುಳಿತು ತಮ್ಮನಿಗೆ ಫೋನ್ ಮಾಡುತ್ತಿದ್ದೆ. ಅವನು ಬಿಡುವಿಲ್ಲ ಅನ್ನುತ್ತಿದ್ದ.

ಪವಿತ್ರಾಳ ಚಿಕಿತ್ಸೆ ಎರಡು ವರ್ಷ ಮೀರಿದ್ದು. ಮೊದಲ ತಿಂಗಳುಗಳ ಕಠಿಣ ಔಷಧ ಮುಗಿದು ದಿನವೂ ಮಾತ್ರೆ ನುಂಗುವ ಹಂತದಲ್ಲಿದ್ದಾಗ ಅವಳಿಗೆ ಹದಿನೆಂಟು ತುಂಬಿತು. ಮಕ್ಕಳ ವಾರ್ಡಿರುವುದು ನೆಲಮಹಡಿಯಲ್ಲಿ, ಗೋಡೆಯ ಮೇಲೆ ಆನೆ, ನವಿಲು. ದೊಡ್ಡವರ ವಿಭಾಗ ಮೂರನೇ ಮಹಡಿ. ನಾನೇ ಕರೆದುಕೊಂಡು ಹೋಗಿ ಡಾಕ್ಟರ ಕೋಣೆಯ ಬಾಗಿಲವರೆಗೆ ಬಿಟ್ಟು ಕೆಳಗಿಳಿದೆ. ಅಷ್ಟು ಸಾಕೆಂದುಕೊಂಡಿದ್ದೆ.

ಮುಂದಿನ ತಾರೀಖಿಗೆ ಅವಳು ಬರಲಿಲ್ಲ. ಫೋನ್ ಎತ್ತಲಿಲ್ಲ. ನನಗೆ ಮೈಸೂರಿನ ಆ ಹುಡುಗನ ನೆನಪಾಯಿತು. ಆ ಭಾನುವಾರ ಬಸ್ಸು ಹಿಡಿದು ಹುಬ್ಬಳ್ಳಿಯ ಅಂಚಿನ ತಾರಿಹಾಳಕ್ಕೆ ಹೋದೆ. ಅವಳ ತಂದೆ ಅಲ್ಲಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ನಡೆಸುತ್ತಾರೆ. ಮನೆ ಅದರ ಹಿಂದಿನ ಓಣಿಯಲ್ಲಿ. ಶಾಂತವ್ವ ನನ್ನನ್ನು ಕಂಡು ಗಾಬರಿಯಾದರೂ, "ಒಳಗ ಬರ್ರಿ ಅಕ್ಕಾರ" ಎಂದು ಚಾಪೆ ಹಾಸಿದರು. ಮಾತ್ರೆ ಮೂರು ದಿನಗಳ ಹಿಂದೆಯೇ ಮುಗಿದಿತ್ತು.

"ಯಾಕಮ್ಮ ಬರಲಿಲ್ಲ?" ಎಂದು ಪವಿತ್ರಾಳನ್ನು ಕೇಳಿದೆ.

"ಮ್ಯಾಲೆ ನಾ ಬರೂದಿಲ್ರಿ" ಎಂದಳು. "ಡಾಕ್ಟರು ನನ್ನ ಕೇಳಿದ್ರು, ನಿಂಗ ಯಾವ ಜಡ್ಡು ಅಂತ. ನನಗ ಅದರ ಹೆಸರು ಸುದ್ದಾ ಗೊತ್ತಿರಲಿಲ್ರಿ. ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು."

"ನಾ ಹೇಳಾಕ ಹ್ವಾದ್ನಿರಿ," ಎಂದರು ಶಾಂತವ್ವ. "'ನೀವು ಸುಮ್ನಿರ್ರಿ, ಅಕಿ ಹೇಳ್ಲಿ' ಅಂದ್ರು. ಅಕಿಗೆ ನಾವ ಹೇಳಿದ್ದಿಲ್ಲ. ಹೆಸರು ಕೇಳಿದ್ರ ಹುಡುಗಿ ಅಂಜ್ತಾಳ ಅಂತ ಇವರಪ್ಪ ಬ್ಯಾಡ ಅಂದಿದ್ರು."

ಎರಡು ವರ್ಷ ಸೂಜಿ ಚುಚ್ಚಿಸಿಕೊಂಡು, ಕೂದಲು ಕಳೆದುಕೊಂಡು, ಮತ್ತೆ ಬೆಳೆಸಿಕೊಂಡ ಹುಡುಗಿಗೆ ತನ್ನ ಕಾಯಿಲೆಯ ಹೆಸರನ್ನು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅವಳ ಎದುರಿಗೇ ನಿಂತು ಎಲ್ಲವನ್ನೂ ಶಾಂತವ್ವನನ್ನು ಕೇಳುತ್ತಿದ್ದವಳು ನಾನು. ಈಗ ಹೇಳಲೇಬೇಕು ಎಂದೆ. ಭಾನುವಾರವೂ ಕೆಲಸಕ್ಕೆ ಹೋಗಿದ್ದ ತಂದೆಯನ್ನು ವರ್ಕ್‌ಶಾಪಿನಿಂದ ಕರೆಸಿದರು. ಅವರು ಕೈಯ ಎಣ್ಣೆ ಒರೆಸಿಕೊಳ್ಳುತ್ತ ಬಂದು ಮಗಳ ಪಕ್ಕ ಕುಳಿತು, "ಹೇಳ್ರಿ ಅಕ್ಕಾರ. ನನ್ನ ಮುಂದ ಹೇಳ್ರಿ" ಎಂದರು.

ಹೇಳಿದೆ. ಅದು ರಕ್ತದ ಕ್ಯಾನ್ಸರ್, ಔಷಧಕ್ಕೆ ಚೆನ್ನಾಗಿ ಬಗ್ಗಿದೆ, ಉಳಿದ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸುವ ಹಾಗಿಲ್ಲ. ಪವಿತ್ರಾ ಅಳಲಿಲ್ಲ. "ನನಗ ಅನಸ್ತಿತ್ರಿ. ಯಾರರ ಹೇಳ್ಲಿ ಅಂತ ದಾರಿ ಕಾಯ್ತಿದ್ದೆ" ಎಂದಳು. ಮರುದಿನವೇ ಬಂದು ಮಾತ್ರೆ ತೆಗೆದುಕೊಂಡು ಹೋದಳು.

ಅಂದಿನಿಂದ ನಾವಿಬ್ಬರೂ ಪಾಠಕ್ಕೆ ಕುಳಿತೆವು. ಒಂದು ಸಣ್ಣ ವಹಿಯಲ್ಲಿ (ನಮ್ಮ ಕಡೆಯ ನೋಟ್‌ಬುಕ್ ಇಲ್ಲಿ ವಹಿ) ಅವಳು ತನ್ನ ಕೈಯಾರೆ ಬರೆದಳು: ಕಾಯಿಲೆಯ ಹೆಸರು, ಮಾತ್ರೆಗಳ ಹೆಸರು, ಜ್ವರ ಬಂದರೆ ತಡಮಾಡದೆ ಬರಬೇಕೆಂಬುದು, ಯಾವ ಔಷಧ ತನಗೆ ಒಗ್ಗುವುದಿಲ್ಲ ಎಂಬುದು. ಬರೆದದ್ದನ್ನು ನನ್ನ ಮುಂದೆ ಬಾಯಿಬಿಟ್ಟು ಹೇಳುತ್ತಿದ್ದಳು. ನನ್ನ ಮೈಸೂರು ಕನ್ನಡದ ವಾಕ್ಯಗಳನ್ನು ಹಾಗೆಯೇ ಒಪ್ಪಿಸಲು ಹೋಗಿ ತಡವರಿಸಿದರೆ, "ನಿನ್ನ ಮಾತಿನಲ್ಲೇ ಹೇಳು" ಅನ್ನುತ್ತಿದ್ದೆ. ಅವಳ ಮಾತು ಕೇಳುತ್ತ ಕೇಳುತ್ತ ನನ್ನ ಕಿವಿಯೂ ಪಳಗಿತು.

ನಾಲ್ಕು ತಿಂಗಳ ನಂತರ ಒಂದು ಬೆಳಿಗ್ಗೆ ಅವಳಿಗೆ ಜ್ವರ ಏರಿತು. ಅಂಥ ಮಾತ್ರೆ ನುಂಗುವವರಿಗೆ ಜ್ವರವೆಂದರೆ ಪ್ರಾಣಕ್ಕೆ ಬರುವ ಮಾತು. ಅವಳೇ ಹಟ ಹಿಡಿದು ಆಸ್ಪತ್ರೆಗೆ ಬಂದು ಮೂರನೇ ಮಹಡಿಯಲ್ಲಿ ದಾಖಲಾದಳು. ನಾನು ಕೆಳಗೆ ಕೆಲಸದಲ್ಲಿದ್ದೆ, ನನಗೆ ಸುದ್ದಿಯೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಲಿನ ವಾರ್ಡಿನ ನರ್ಸ್ ನನ್ನನ್ನು ಹುಡುಕಿಕೊಂಡು ಇಳಿದು ಬಂದಳು.

"ಅಕ್ಕಾರ, ನಿಮ್ಮ ಹುಡುಗಿ ನನ್ನ ಕೈ ತಡದ್ಲ್ರಿ" ಎಂದಳು. "ಜ್ವರದ ಇಂಜೆಕ್ಷನ್ ಕೊಡಾಕ ಹೋಗಿದ್ದೆ. ಯಾವ ಔಷಧ ಅಂತ ಕೇಳಿದ್ಲು. ಹೆಸರು ಹೇಳಿದ್ದ ತಡ, 'ಇದು ನನಗ ಆಗೂದಿಲ್ರಿ, ಹಿಂದ ಕೊಟ್ಟಾಗ ಮಾರಿ ಬಾತು ಉಸಿರು ಕಟ್ಟಿತ್ತು, ಡಾಕ್ಟರನ್ನ ಕರೀರಿ' ಅಂದ್ಲು. ವಹಿ ತಗದು ತೋರಿಸಿದ್ಲು."

ಅವಳ ಹಳೆಯ ಕಡತದಲ್ಲಿ ಅದು ಕೆಂಪು ಶಾಯಿಯಲ್ಲಿತ್ತು. ಆದರೆ ಕಡತ ಇನ್ನೂ ಕೆಳಗಿನ ಕಪಾಟಿನಲ್ಲೇ ಇತ್ತು. ಡಾಕ್ಟರು ಬಂದು ಔಷಧ ಬದಲಿಸಿದರು. ನಾನು ಮೆಟ್ಟಿಲು ಹತ್ತಿ ಹೋದಾಗ ಪವಿತ್ರಾ ಕೈಗೆ ಸಲೈನ್ ಹಾಕಿಸಿಕೊಂಡು ಮಲಗಿದ್ದಳು. ಪಕ್ಕದಲ್ಲಿ ಶಾಂತವ್ವ ಕಣ್ಣೊರೆಸಿಕೊಳ್ಳುತ್ತಿದ್ದರು.

"ನಾ ಚಾ ತರಾಕ ಹೋಗಿದ್ದೆರಿ ಅಕ್ಕಾರ. ನಾನೂ ಇರಲಿಲ್ಲ, ನೀವೂ ಇರಲಿಲ್ಲ."

"ನಾ ಇದ್ನಲ್ಲವ್ವಾ" ಎಂದಳು ಪವಿತ್ರಾ.

ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ಹೆಮ್ಮೆಯಾದ ಇನ್ನೊಂದು ಗಳಿಗೆ ನೆನಪಿಲ್ಲ.

ಈಗ ಮೂರನೇ ಮಹಡಿಗೆ ಕಡತ ಮೊದಲು ಹತ್ತುತ್ತದೆ, ಹುಡುಗರು ಆಮೇಲೆ. ತಿಂಗಳಿಗೊಮ್ಮೆ ಮಕ್ಕಳ ಡಾಕ್ಟರು, ಮೇಲಿನ ಡಾಕ್ಟರು ಇಬ್ಬರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಹದಿನೆಂಟರ ಹತ್ತಿರ ಬಂದವರು ಅವರ ಮುಂದೆ ತಮ್ಮ ಕಥೆಯನ್ನು ತಾವೇ ಹೇಳಬೇಕು. ಪವಿತ್ರಾಳ ಮಾತ್ರೆ ಮುಗಿದು ವರ್ಷವಾಗಿದೆ. ಬಿ.ಕಾಂ. ಓದುತ್ತಿದ್ದಾಳೆ, ತಪಾಸಣೆಗೆ ಒಬ್ಬಳೇ ಬರುತ್ತಾಳೆ. ಒಮ್ಮೆ ದಾರಿಯಲ್ಲಿ ಸಿಕ್ಕ ಶಾಂತವ್ವ, "ಈಗ ನನ್ನ ಕರಿಯೂದಿಲ್ರಿ ಅಕಿ" ಎಂದರು. ದೂರಿನ ದನಿ, ಆದರೆ ಮುಖದ ತುಂಬ ನಗು.

ಮೊನ್ನೆ ಮೈಸೂರಿನ ಹಳೆಯ ಆಸ್ಪತ್ರೆಯಿಂದ ಕರೆ ಬಂತು. ಅಲ್ಲೂ ಇದೇ ಕೆಲಸ ಶುರುಮಾಡುತ್ತಾರಂತೆ, ವಾಪಸ್ ಬನ್ನಿ ಎಂದರು. ತಮ್ಮನೂ ಬಾ ಅನ್ನುತ್ತಿದ್ದಾನೆ. ರಜೆಗೆ ಹೋಗಿ ಒಂದು ವಾರ ಅಲ್ಲಿದ್ದೆ. ಅಮ್ಮನ ಕೈಯ ಸಾರು, ಪರಿಚಿತ ಬೀದಿಗಳು, ಯೋಚಿಸದೆ ಆಡಬಹುದಾದ ಮಾತು. ಅಲ್ಲಿ ಪ್ರಾಣ ಕಳೆದುಕೊಂಡ ಹುಡುಗನಂಥವರು ಇನ್ನೆಷ್ಟು ಮಂದಿಯೋ, ಹೋಗಬೇಕು ಅನ್ನಿಸಿತು. ಅದೇ ಹೊತ್ತಿಗೆ ಇಲ್ಲಿ ನನ್ನ ಪಟ್ಟಿಯಲ್ಲಿರುವ ಮಕ್ಕಳ ಮುಖಗಳೂ ಕಣ್ಣ ಮುಂದೆ ಬಂದವು. ಇನ್ನೂ ಉತ್ತರ ಕೊಟ್ಟಿಲ್ಲ.

ಮೈಸೂರಿಗೆ ಹೋಗುವಾಗ ರೈಲಿನಲ್ಲಿ ಎದುರು ಕುಳಿತ ಹೆಂಗಸು, "ಊರಿಗೆ ಹೊಂಟೀರೇನ್ರಿ?" ಎಂದು ಕೇಳಿದರು. ಹೌದು ಎಂದೆ. ವಾರದ ಬಳಿಕ ಹುಬ್ಬಳ್ಳಿಯ ಕಡೆ ಹೊರಟ ರೈಲಿನಲ್ಲಿ ಇನ್ನೊಬ್ಬರು, "ಊರಿಗಾ?" ಎಂದು ಕೇಳಿದರು. ಆಗಲೂ ಹೌದು ಎಂದೇ ಹೇಳಿದೆ.